ವೀರಗಲ್ಲಿನ ಕೆಳಗಿನ ಪಟ್ಟಿಕೆ

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲು, ಕುದುರೆ, ಬಿದ್ದ ಹೆಣ, ತುರು ಮರಳಿಸಲು ಹೋಗಿ ಸತ್ತವನಾದರೆ ಒಂದು ಸಾಲು ಹಸು. ನಡುವಿನದರಲ್ಲಿ ಅಪ್ಸರೆಯರು ಸತ್ತವನನ್ನು ಆಚೀಚೆ ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಎದುರೋ ಜಿನನ ಎದುರೋ ಕೈಮುಗಿದು ಕೂತಿರುತ್ತಾನೆ. ದೇವರು ಬರುವುದು ಸತ್ತ ಮೇಲೆ. ಕಾಳಗ ನಡೆಯುವಾಗ ಅಲ್ಲಿರುವುದು ಆಳು, ಅವನ ಹಗೆ, ಒಡೆಯನಿಗೆ ಅವನು ಕೊಟ್ಟ ಮಾತು, ಇಷ್ಟೇ.

ಪಂಪ ರನ್ನರ ಕಾವ್ಯಗಳನ್ನು ಈ ಕಲ್ಲುಗಳ ಪಕ್ಕದಲ್ಲಿಟ್ಟು ಓದಿದಾಗಲೆಲ್ಲ ಇಬ್ಬರೂ ಕೆಳಗಿನ ಪಟ್ಟಿಕೆಯ ಕವಿಗಳೆಂದೇ ನನಗೆ ಅನ್ನಿಸಿದೆ. ಆ ಕಾಲದ ಶಾಸನಗಳಲ್ಲಿ ಜೋಳವಾಳಿ, ವೇಳೆವಾಳಿ ಎಂಬ ಮಾತುಗಳು ಬರುತ್ತವೆ. ತಿಂದ ಜೋಳದ ಋಣ ಜೋಳವಾಳಿ. ಹೊತ್ತು ಬಂದಾಗ ಒಡೆಯನಿಗಾಗಿ ಪ್ರಾಣ ಕೊಡುವ ಆಣೆ ವೇಳೆವಾಳಿ. ಈ ಎರಡು ಮಾತು ಗೊತ್ತಿಲ್ಲದೆ ಪಂಪನ ಕರ್ಣ ಅರ್ಥವಾಗುವುದು ಕಷ್ಟ.

ಪಂಪ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದದ್ದು 941ರ ಸುಮಾರಿಗೆ, ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಸ್ಥಾನದಲ್ಲಿ. ಅರಸನನ್ನೇ ಅರ್ಜುನನೊಂದಿಗೆ ಸಮೀಕರಿಸಿದ. ಅದಕ್ಕಾಗಿ ಕಥೆಯನ್ನೂ ತಿದ್ದಿದ: ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾದಳು, ಕೊನೆಯ ಪಟ್ಟಾಭಿಷೇಕ ಅರ್ಜುನ ಸುಭದ್ರೆಯರಿಗೆ ಆಯಿತು. ಇಷ್ಟೆಲ್ಲ ಮಾಡಿದ ಮೇಲೂ ಓದುಗನ ಮನಸ್ಸಿನಲ್ಲಿ ಉಳಿಯುವವನು ಕರ್ಣ. ಭಾರತದಲ್ಲಿ ಯಾರನ್ನು ನೆನೆಯಬೇಕು ಎಂಬ ಪ್ರಶ್ನೆಗೆ ಪಂಪನೇ ಬಾಯಿಬಿಟ್ಟು ಕರ್ಣನ ಹೆಸರು ಹೇಳುತ್ತಾನೆ. ಇದು ಕವಿಯ ಕೈತಪ್ಪಿ ಆದದ್ದಲ್ಲ. ಅನ್ನ ಕೊಡುವ ಅರಸನನ್ನು ಹೊಗಳಬಹುದು, ಅವನಿಗಾಗಿ ಮರುಗುವಂತಿಲ್ಲ. ಗೆಲ್ಲಲೇಬೇಕಾದವನ ಮುಂದೆ ದಾರಿ ಕವಲೊಡೆಯುವುದೇ ಇಲ್ಲ. ಹೊಗಳಿಕೆಯ ಹೊರೆಯೆಲ್ಲ ಅರ್ಜುನನ ಮೇಲೆ ಬಿದ್ದುದರಿಂದ ಕವಿಯ ಕರುಣೆಗೆ ಕರ್ಣ ಸಿಕ್ಕ. ಜೊತೆಗೆ ಪಂಪ ತಾನೇ ಕತ್ತಿ ಹಿಡಿದವನು, ತಾನೇ ಒಬ್ಬ ಒಡೆಯನ ಜೋಳ ಉಂಡವನು. ಕರ್ಣನ ಇಕ್ಕಟ್ಟು ಅವನಿಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ.

ಈ ಕರ್ಣನ ಬಳಿಗೆ ದೇವರುಗಳು ಬಾರದೆ ಇಲ್ಲ. ಬರುತ್ತಾರೆ, ಆದರೆ ಬೇಡುವುದಕ್ಕೆ ಬರುತ್ತಾರೆ. ಇಂದ್ರ ಬ್ರಾಹ್ಮಣನ ವೇಷದಲ್ಲಿ ಬಂದು ಕವಚ ಕುಂಡಲ ಕೇಳುತ್ತಾನೆ. ಕೃಷ್ಣ ಬಂದು ಹುಟ್ಟಿನ ಗುಟ್ಟು ಹೇಳಿ ಪಕ್ಷ ಬದಲಿಸೆನ್ನುತ್ತಾನೆ. ಕೊಡುವ ಕೈ ಕರ್ಣನದು, ಚಾಚಿದ ಕೈ ದೇವಲೋಕದ್ದು. ಕೃಷ್ಣನಿಗೆ ಕರ್ಣ ಕೊಡುವ ಉತ್ತರದಲ್ಲಿ ಸ್ವರ್ಗದ ಮಾತಿಲ್ಲ, ಒಂದು ಮುತ್ತಿನ ಸರದ ಮಾತಿದೆ. ಭಾನುಮತಿಯೊಡನೆ ಪಗಡೆಯಾಡುವಾಗ ಸರ ಹರಿದು ಮುತ್ತು ಚೆಲ್ಲಿದ್ದು, ಅದನ್ನು ಕಂಡ ದುರ್ಯೋಧನ ಮುನಿಯದೆ, ಮುತ್ತು ಆಯ್ದುಕೊಡಲೇ ಎಂದು ಕೇಳಿದ್ದು. ಅಲ್ಲಿ ಆಡುತ್ತಿದ್ದವರು ಯಾರು ಯಾರು ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ವಾದ ಏನೇ ಇರಲಿ, ಅಂಥ ಅರಸನನ್ನು ಬಿಟ್ಟುಬಂದರೆ ತಾನು ಕೀಳಾಗುತ್ತೇನೆ ಎಂಬುದು ಕರ್ಣನ ನಿಲುವು. ಅವನ ಸಾವು ತೀರ್ಮಾನವಾಗುವುದು ಈ ಗಳಿಗೆಯಲ್ಲಿ. ರಥದ ಗಾಲಿ ಹೂತದ್ದು, ಶಾಪ ಫಲಿಸಿದ್ದು ಎಲ್ಲ ಆಮೇಲಿನ ಸಂಗತಿ.

ರನ್ನ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಮುದುವೊಳಲಿನ, ಅಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯ ಹುಡುಗ ಚಾಲುಕ್ಯ ಸತ್ಯಾಶ್ರಯನ ಕವಿಯಾಗಿ ಅವನನ್ನು ಭೀಮನಿಗೆ ಸಮೀಕರಿಸಿ ‘ಸಾಹಸಭೀಮ ವಿಜಯ’ ಬರೆದ. ಜನ ಅದನ್ನು ‘ಗದಾಯುದ್ಧ’ ಎಂದೇ ಕರೆದರು, ಅದರಲ್ಲಿ ದುರ್ಯೋಧನನನ್ನೇ ಕಂಡರು. ಸಂಜಯನ ಜೊತೆ ಹೆಣಗಳ ನಡುವೆ ಕಾಲಿಡುತ್ತ ನಡೆಯುವ ಆ ಅರಸನ ದಾರಿಗೆ ಸಾಟಿಯಾದದ್ದು ನಮ್ಮ ಹಳೆಯ ಕಾವ್ಯದಲ್ಲಿ ಹೆಚ್ಚಿಲ್ಲ. ದ್ರೋಣ, ದುಶ್ಶಾಸನ, ಕರ್ಣ, ಸ್ವಂತ ಮಗ ಲಕ್ಷಣಕುಮಾರ, ಒಬ್ಬೊಬ್ಬರ ಮುಂದೆಯೂ ನಿಲ್ಲುತ್ತಾನೆ. ಹಗೆಯ ಮಗ ಅಭಿಮನ್ಯುವಿನ ಮುಂದೆಯೂ ನಿಂತು, ಇಂಥ ಸಾವು ತನಗೂ ಬರಲಿ ಎಂದು ಕೈಮುಗಿಯುತ್ತಾನೆ. ಕರ್ಣನ ಹೆಣದೆದುರು ಅವನು ಒಪ್ಪಿಕೊಳ್ಳುವ ಸತ್ಯ ಇನ್ನೂ ಕಠೋರವಾದದ್ದು: ನೀನು ಅಣ್ಣನೆಂದು ಧರ್ಮರಾಯನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ವಿಧಿಯ ಮೇಲೆ ಹಾಕಿ ಕೈತೊಳೆದುಕೊಳ್ಳಲು ಎಲ್ಲ ಅನುಕೂಲವಿದ್ದ ಜಾಗದಲ್ಲಿ ಹೊಣೆಯನ್ನು ತನ್ನ ತಲೆಗೇ ಕಟ್ಟಿಕೊಳ್ಳುತ್ತಾನೆ.

ಬಿ.ಎಂ.ಶ್ರೀ. ಈ ದುರ್ಯೋಧನನಲ್ಲಿ ಗ್ರೀಕರ ರುದ್ರನಾಟಕದ ನಾಯಕನನ್ನು ಕಂಡರು. ‘ಗದಾಯುದ್ಧ ನಾಟಕಂ’ ರಚಿಸಿದರು, ಸೊಫೊಕ್ಲಿಸನ ಏಜಾಕ್ಸನನ್ನು ‘ಅಶ್ವತ್ಥಾಮನ್’ ಆಗಿ ಕನ್ನಡಕ್ಕೆ ತಂದರು. ನಮ್ಮ ಕಣ್ಣು ತೆರೆಸಿದ ಓದು ಅದು, ಆ ಋಣ ದೊಡ್ಡದು. ಆದರೂ ಒಂದು ವ್ಯತ್ಯಾಸ ಅದರಲ್ಲಿ ಮಸುಕಾಗುತ್ತದೆ. ಹೋಮರನ ‘ಇಲಿಯಡ್’ನಲ್ಲಿ ಅಕಿಲೀಸ್ ಮತ್ತು ಹೆಕ್ಟರ್ ಎದುರಾದಾಗ ಸ್ಯೂಸ್ ಚಿನ್ನದ ತಕ್ಕಡಿ ಎತ್ತುತ್ತಾನೆ, ಹೆಕ್ಟರನ ತಟ್ಟೆ ಕೆಳಗಿಳಿಯುತ್ತದೆ. ಅಥೀನಾ ಹೆಕ್ಟರನ ತಮ್ಮನ ರೂಪದಲ್ಲಿ ಬಂದು ಅವನನ್ನು ವಂಚಿಸುತ್ತಾಳೆ. ಸ್ವಂತ ಮಗ ಸಾರ್ಪೆಡಾನನನ್ನು ಉಳಿಸಿಕೊಳ್ಳಬೇಕೆಂಬ ಆಸೆ ಸ್ಯೂಸನಿಗೇ ಇದ್ದರೂ ಹೀರಾ ತಡೆದಾಗ ಸುಮ್ಮನಾಗುತ್ತಾನೆ, ರಕ್ತದ ಮಳೆ ಸುರಿಸಿ ಅಳುತ್ತಾನೆ. ಅಲ್ಲಿ ದೇವರು ರಣರಂಗದಲ್ಲೇ ಓಡಾಡುತ್ತಾರೆ, ವಿಧಿ ದೇವರಿಗಿಂತಲೂ ಆಚೆ ನಿಂತಿರುತ್ತದೆ. ರನ್ನನ ಬಯಲಿನಲ್ಲಿ ತಕ್ಕಡಿ ಹಿಡಿದವರಿಲ್ಲ. ತೂಗುವವನೂ ದುರ್ಯೋಧನನೇ, ತೂಗಿಸಿಕೊಳ್ಳುವವನೂ ಅವನೇ.

ಜೈನ ಕವಿಗಳಿಗೆ ಇದು ಸಹಜವಾಗಿ ಒದಗಿತು ಎನ್ನಬಹುದು. ಜಗತ್ತನ್ನು ನಡೆಸುವ ದೇವರನ್ನು ಅವರ ಮತ ಒಪ್ಪುವುದಿಲ್ಲ, ಕರ್ಮವಷ್ಟೇ ಉಂಟು. ಆದರೆ ಮತವೊಂದರಿಂದಲೇ ಕಾವ್ಯ ಹುಟ್ಟುವುದಿಲ್ಲ. ನಾಗಚಂದ್ರನ ರಾವಣನನ್ನು ನೋಡಿ. ಜೈನ ರಾಮಾಯಣದಲ್ಲಿ ಅವನು ಪ್ರತಿವಾಸುದೇವ, ಲಕ್ಷ್ಮಣನ ಕೈಯಲ್ಲಿ ಸಾಯಲೆಂದೇ ಹುಟ್ಟಿದವನು. ಕಥೆ ಮೊದಲೇ ಮುಗಿದಿದೆ. ಅಂಥ ಚೌಕಟ್ಟಿನೊಳಗೆ ನಾಗಚಂದ್ರ ಒಂದು ಕಿಟಕಿ ತೆರೆಯುತ್ತಾನೆ: ಸೀತೆಯ ದೃಢತೆಯನ್ನು ಕಂಡು ರಾವಣನ ಮನಸ್ಸು ತಿರುಗುತ್ತದೆ, ಅವಳನ್ನು ಒಪ್ಪಿಸಿಬಿಡಬೇಕೆಂದು ನಿಶ್ಚಯಿಸುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿದನೆಂದಾರು. ರಾಮಲಕ್ಷ್ಮಣರನ್ನು ಗೆದ್ದು ಆಮೇಲೆ ಒಪ್ಪಿಸುತ್ತೇನೆ ಎನ್ನುತ್ತಾನೆ. ಆ ಆಮೇಲೆ ಬರುವುದೇ ಇಲ್ಲ. ಒಳ್ಳೆಯ ಬುದ್ಧಿ ಬಂದವನನ್ನು ಕೊಲ್ಲುವುದು ವೀರನೆಂಬ ಹೆಸರು. ಶೌರ್ಯವನ್ನು ಹಾಡಿ ಬೆಳೆದ ಪರಂಪರೆಯೊಂದು ಶೌರ್ಯವನ್ನೇ ಇಷ್ಟು ನಿರ್ದಾಕ್ಷಿಣ್ಯವಾಗಿ ಪರೀಕ್ಷಿಸಿದ ಜಾಗ ಇದು.

ಕುಮಾರವ್ಯಾಸನಲ್ಲಿ ಚಿತ್ರವೇ ಬದಲಾಗುತ್ತದೆ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ, ಸುಮಾರು 1430ರ ಹೊತ್ತಿಗೆ ಅವನು ಭಾಮಿನಿ ಷಟ್ಪದಿಯಲ್ಲಿ ಹಾಡಿದ್ದು ಹೆಸರಿಗೆ ಭಾರತ, ಬಗೆಯಲ್ಲಿ ಕೃಷ್ಣನ ಕಥೆ. ಮೇಲಿನ ಪಟ್ಟಿಕೆಯಲ್ಲಿದ್ದ ದೇವರು ಕೆಳಗಿನ ಪಟ್ಟಿಕೆಗೆ ಇಳಿದು ಕುದುರೆಗಳ ಲಗಾಮು ಹಿಡಿದ. ವಿಧಿ ಬೇರೆ, ದೇವರು ಬೇರೆ ಎಂಬ ಅಂತರವೂ ಅಲ್ಲಿಗೆ ಮುಗಿಯಿತು. ಇದರಿಂದ ವೀರರ ಎತ್ತರ ತಗ್ಗಬೇಕಿತ್ತು, ಎಷ್ಟೋ ಕಡೆ ತಗ್ಗಿದೆ ಕೂಡ. ಗೆಲ್ಲಿಸುವವನು ಪಕ್ಕದಲ್ಲೇ ಇರುವಾಗ ಪಾಂಡವರ ಬಾಣಗಳಿಗೆ ಭಾರವಿರುವುದಿಲ್ಲ.

ಆದರೆ ಸೋಲುವವನಿಗೆ ಈ ಬದಲಾವಣೆ ಕೊಟ್ಟದ್ದು ಬೇರೆ. ಸಂಸ್ಕೃತ ಭಾರತದ ಕರ್ಣ ತನ್ನ ಹುಟ್ಟನ್ನು ಬಲ್ಲವನಂತೆಯೇ ಕೃಷ್ಣನಿಗೆ ಉತ್ತರ ಕೊಡುತ್ತಾನೆ. ಕುಮಾರವ್ಯಾಸನ ಕರ್ಣನಿಗೆ ಅದು ಸಿಡಿಲು. ಕೃಷ್ಣ ಕೈಹಿಡಿದು ರಥದಲ್ಲಿ ಪಕ್ಕಕ್ಕೆ ಕೂರಿಸಿಕೊಂಡಾಗ ಸಮಾನವಾಗಿ ಕೂರಲು ಅಂಜಿ ಕುಗ್ಗಿದವನು, ಗುಟ್ಟು ಕೇಳಿದ ಮೇಲೆ ಗಂಟಲು ಕಟ್ಟಿ, ಕಣ್ಣೀರು ಉಕ್ಕಿ, ಹೇಳಿಯೇ ನನ್ನನ್ನು ಕೊಂದೆಯಲ್ಲ ಎಂದು ಒಳಗೊಳಗೇ ನೋಯುತ್ತಾನೆ. ಪಂಪನ ಕರ್ಣನ ಬಳಿಗೆ ದೇವರು ಬಂದದ್ದು ಬೇಡುವುದಕ್ಕೆ, ಯಾಕೆ ಎಂದು ಕೇಳಿದರೆ ಉತ್ತರ ಹೇಳಬೇಕಾದವನಾಗಿ ಎದುರಿಗೆ ಯಾರೂ ಇರಲಿಲ್ಲ. ಇವನ ಎದುರಿಗೆ ದೇವರೇ ಕೂತಿದ್ದಾನೆ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರದಲ್ಲಿ. ಭಕ್ತಕವಿ ತನ್ನ ದೈವದ ಮೇಲಿನ ಈ ದೂರನ್ನು ಅಳಿಸದೆ ಉಳಿಸಿದ. ತಾಳಮದ್ದಲೆಯ ಕರ್ಣಪರ್ವಕ್ಕೆ, ಗಮಕಿಗಳ ಕರ್ಣಭೇದನಕ್ಕೆ ಇಂದಿಗೂ ಜನ ಕೂಡುವುದು ಈ ದೂರನ್ನು ಮತ್ತೆ ಕೇಳುವುದಕ್ಕೆ ಎಂದು ನಾನು ನಂಬಿದ್ದೇನೆ.

ಈ ಪರಂಪರೆಯ ಮಿತಿಯನ್ನೂ ಹೇಳಬೇಕು. ಋಣ, ಮಾತು, ಛಲ ಎಲ್ಲ ಗಂಡಸರ ನಡುವಿನ ವ್ಯವಹಾರವಾಯಿತು. ಕುಂತಿ ಬರುವುದು ಬೇಡುವುದಕ್ಕೆ, ದ್ರೌಪದಿ ಬರುವುದು ಕೆರಳಿಸುವುದಕ್ಕೆ. ಭಾನುಮತಿ ನೆನಪಾಗುವುದು ಹರಿದ ಸರದಿಂದ. ನಮ್ಮ ಊರುಗಳ ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟ ತೋಳೊಂದಾದರೂ ಎದ್ದು ನಿಂತಿದೆ. ಬಳೆಗಾರರ ಕುಲದ ರನ್ನನೂ ಆ ತೋಳಿನ ಕಥೆಗೆ ಒಂದು ಆಶ್ವಾಸ ಮೀಸಲಿಡಲಿಲ್ಲ. ದುರ್ಯೋಧನನ ಕಾಲಿಗೆ ತೊಡರುವ ಸಾವಿರಾರು ಹೆಣಗಳಿಗೂ ಹೆಸರಿಲ್ಲ. ಪಂಪ ಬರೆದ ದಶಕದಲ್ಲೇ ತಕ್ಕೋಲದ ಯುದ್ಧ ನಡೆದು, ಅದನ್ನು ಹೇಳುವ ಆತಕೂರಿನ ಕಲ್ಲನ್ನು ನೆಟ್ಟರು. ಇಂದು ಅದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲೆ ಕೆತ್ತಿರುವುದು ಒಂದು ಹಂದಿ ಮತ್ತು ಅದರೊಡನೆ ಕಾದಿ ಸತ್ತ ಒಂದು ನಾಯಿ. ಆ ನಾಯಿಯ ಹೆಸರು ಕಾಳಿ ಎಂದು ಅಕ್ಷರದಲ್ಲಿ ಬರೆದಿದೆ.