ಡಿಸ್ಕೇಲಿಂಗ್ ಪೌಡರಿನ ಅತಿಕೀರ್ತಿ

ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ಇರುವ ನಮ್ಮ ಮನೆಗಳಲ್ಲಿ ನಿರ್ವಹಣೆ ಎಂದರೆ ಬಹುಮಟ್ಟಿಗೆ ಒಂದೇ ಆಚರಣೆ: ತಿಂಗಳಿಗೊಮ್ಮೆ ಡಿಸ್ಕೇಲಿಂಗ್ ಪೌಡರಿನ ಪೊಟ್ಟಣವನ್ನು ಖಾಲಿ ಡ್ರಮ್ಮಿಗೆ ಸುರಿದು ಮೆಷಿನ್ ಓಡಿಸುವುದು. ವಾಸನೆ ಬಂದರೂ ಅದೇ, ನೀರು ಹೊರಹೋಗದಿದ್ದರೂ ಅದೇ, ಬಟ್ಟೆ ಮಾಸಲಾಗಿ ಬಂದರೂ ಅದೇ. ಅಂಗಡಿಯವರು ಮೆಷಿನ್ ಜೊತೆಗೇ ಕಟ್ಟಿಕೊಡುವ ಸರಕೂ ಅದೇ, ವಿಡಿಯೊಗಳಲ್ಲಿ ಪಾಠ ಹೇಳುವವರ ಮೊದಲ ಮಾತೂ ಅದೇ. ಈ ಪುಡಿಗೆ ಸಂದಿರುವ ಕೀರ್ತಿ ಅದರ ಯೋಗ್ಯತೆಯನ್ನು ಮೀರಿದ್ದು ಎಂಬುದು ನನ್ನ ವಾದ. ಅದು ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಬರುವುದು ಒಂದೇ ಕೆಲಸ. ಆ ಕೆಲಸ ತಮ್ಮ ಮನೆಯ ಮೆಷಿನ್ನಿನಲ್ಲಿ ಇದೆಯೇ ಎಂದು ಕೇಳಿಕೊಳ್ಳುವವರು ಕಡಿಮೆ, ಕೇಳಿಕೊಳ್ಳಿ ಎಂದು ಹೇಳಿಕೊಡುವವರು ಇನ್ನೂ ಕಡಿಮೆ.

ಪೊಟ್ಟಣದಲ್ಲಿ ಸಾಮಾನ್ಯವಾಗಿ ಇರುವುದು ಸಿಟ್ರಿಕ್ ಆಮ್ಲ, ಇಲ್ಲವೇ ಅಂಥದೇ ಇನ್ನೊಂದು ಆಮ್ಲ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾವು ತಗುಲಿದಾಗ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಹೀಟರಿನ ಮೇಲೆ ಬಿಳಿ ಪದರವಾಗಿ ಕೂರುತ್ತದೆ. ಆಮ್ಲ ಆ ಪದರವನ್ನು ಕರಗಿಸುತ್ತದೆ. ಇದರಲ್ಲಿ ಮುಖ್ಯವಾದದ್ದು ಕಾವು. ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ಮೂಲವಿಲ್ಲದ ಕಡೆ 600ರವರೆಗೂ ಒಪ್ಪಬಹುದು. 400 ಮಿಲಿಗ್ರಾಮಿನ ಬೋರ್‌ವೆಲ್ ನೀರನ್ನೇ ತೆಗೆದುಕೊಳ್ಳೋಣ. ಒಂದು ಒಗೆತದಲ್ಲಿ ಬಿಸಿಯಾಗುವುದು ಮೊದಲ ಸುತ್ತಿನ ಸುಮಾರು 15 ಲೀಟರ್ ಮಾತ್ರ, ಜಾಲಿಸುವ ನೀರು ತಣ್ಣಗೇ ಬಂದು ತಣ್ಣಗೇ ಹೋಗುತ್ತದೆ. ಅಂದರೆ ಒಗೆತಕ್ಕೆ ಹೆಚ್ಚೆಂದರೆ 6 ಗ್ರಾಂ ಸುಣ್ಣ, ತಿಂಗಳಿಗೆ 20 ಒಗೆತವಾದರೆ 120 ಗ್ರಾಂ. ಇದು ಮೇಲ್ಮಿತಿ. ಅದರಲ್ಲಿ ಒಂದು ಪಾಲು ಮಾತ್ರ ಕಾವಿಗೆ ಒಡೆಯುತ್ತದೆ, ಒಡೆದದ್ದರಲ್ಲೂ ಸಾಕಷ್ಟು ಕೊಳೆನೀರಿನೊಂದಿಗೆ ಹೊರಗೆ ಹೋಗುತ್ತದೆ. 100 ಗ್ರಾಂ ಸಿಟ್ರಿಕ್ ಆಮ್ಲ ಲೆಕ್ಕದ ಪ್ರಕಾರ 78 ಗ್ರಾಂ ಸುಣ್ಣವನ್ನು ಎದುರಿಸಬಲ್ಲದು. ಹೀಗಾಗಿ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನಲ್ಲಿ ಬಿಸಿ ಪ್ರೋಗ್ರಾಂ ಹಾಕುವ ಮನೆಗೆ ಪೊಟ್ಟಣದ ಪ್ರಮಾಣ ಸರಿಯಾಗಿಯೇ ಇದೆ. ಅದೇ ನೀರಿನಲ್ಲಿ ವರ್ಷಪೂರ್ತಿ ತಣ್ಣೀರಿನ ಪ್ರೋಗ್ರಾಮಿನಲ್ಲೇ ಒಗೆಯುವ ಮನೆಯಲ್ಲಿ ಹೀಟರ್ ಉರಿಯುವುದೇ ಇಲ್ಲ, ಆದ್ದರಿಂದ ಅದರ ಮೇಲೆ ಕಲ್ಲು ಕಟ್ಟುವ ಮಾತೂ ಇಲ್ಲ. ಕಾವೇರಿ ನೀರು ಬರುವ ಬೆಂಗಳೂರಿನ ಮನೆಗಳಲ್ಲಂತೂ ನೀರೇ ಮೆದು. ಈ ಮೂರು ಬಗೆಯ ಮನೆಗಳಿಗೂ ತಿಂಗಳಿಗೊಂದು ಪೊಟ್ಟಣ ಎಂಬ ಒಂದೇ ವಿಧಿಯನ್ನು ಹೇಳುವುದು ರೋಗಿಯನ್ನು ನೋಡದೆ ಚೀಟಿ ಬರೆದ ಹಾಗೆ.

ಇದಕ್ಕೆ ಬರಬಹುದಾದ ಗಟ್ಟಿಯಾದ ಆಕ್ಷೇಪ ಒಂದಿದೆ. ನಮ್ಮ ಸೋಪಿನ ಪುಡಿಗಳಲ್ಲಿ ವಾಷಿಂಗ್ ಸೋಡಾ ಧಾರಾಳವಾಗಿರುತ್ತದೆ, ಅದು ಗಡಸು ನೀರಿನಲ್ಲಿ ಕಾವಿಲ್ಲದೆಯೂ ಸುಣ್ಣವನ್ನು ಹೊರಗೆಡಹುತ್ತದೆ, ಬಟ್ಟೆಯ ಮೇಲೂ ಟಬ್ಬಿನ ಮೇಲೂ ಬಿಳಿ ಪುಡಿ ಕೂರಿಸುತ್ತದೆ. ಈ ಮಾತು ನಿಜ, ತಣ್ಣೀರಿನ ಮನೆಗೂ ಅನ್ವಯಿಸುತ್ತದೆ. ಆದರೆ ಇಲ್ಲಿ ತಪ್ಪಿರುವುದು ಸೋಪಿನ ಆಯ್ಕೆಯಲ್ಲಿ. ಫ್ರಂಟ್ ಲೋಡಿಗೆಂದೇ ಮಾಡಿದ, ನೊರೆ ಕಡಿಮೆ ಬರುವ ದ್ರವ ಡಿಟರ್ಜೆಂಟನ್ನು ಅಳತೆಯಲ್ಲಿ ಹಾಕಿದರೆ ಈ ಬಿಳಿ ಪುಡಿ ಹುಟ್ಟುವುದೇ ಬಹುಪಾಲು ತಪ್ಪುತ್ತದೆ. ಬಕೆಟ್ಟಿಗೆಂದು ಮಾಡಿದ ಪುಡಿಯನ್ನು ದಿನವೂ ಹಾಕಿ, ಅದರ ಶೇಷವನ್ನು ತಿಂಗಳಿಗೊಮ್ಮೆ ಆಮ್ಲದಿಂದ ತೊಳೆಯುವುದು ನಿರ್ವಹಣೆ ಅನ್ನಿಸಿಕೊಳ್ಳುವುದಿಲ್ಲ. ಹೀಟರಿನ ಮೇಲೆ ಪದರ ಕಟ್ಟಿದರೆ ಕರೆಂಟ್ ಬಿಲ್ ಏರುತ್ತದೆ ಎಂಬ ಪ್ರಚಾರವನ್ನೂ ಇಲ್ಲೇ ಪರೀಕ್ಷಿಸಬೇಕು. ನೀರಿನಲ್ಲಿ ಮುಳುಗಿರುವ ಹೀಟರಿನ ಶಾಖ ಕೊನೆಗೆ ಹೋಗುವುದು ನೀರಿಗೇ. ಪದರ ಮಾಡುವ ನಿಜವಾದ ಹಾನಿ ಎಂದರೆ ಶಾಖ ಬೇಗ ಹೊರಬರಲಾಗದೆ ಕಾಯಿಲ್ ಮಿತಿಮೀರಿ ಕಾದು ಸುಟ್ಟುಹೋಗುವುದು. ಪುಡಿಯ ಪರವಾಗಿ ಹೇಳಲು ಇಂಥ ಒಳ್ಳೆಯ ಕಾರಣವಿದ್ದೂ ಸುಳ್ಳು ಕಾರಣವನ್ನು ಮುಂದೊಡ್ಡುತ್ತಾರೆ ಎಂಬುದೇ ನನ್ನ ತಕರಾರು. ಅತಿ ಬಿಸಿಯ ಪ್ರೋಗ್ರಾಮಿನಲ್ಲೇ ಓಡಿಸಿ ಎಂಬ ಸಲಹೆಯೂ ಪ್ರಶ್ನಾರ್ಹ. ಕಾವು ಏರಿದಂತೆ ಕ್ಯಾಲ್ಸಿಯಂ ಸಿಟ್ರೇಟ್ ಕರಗುವ ಪ್ರಮಾಣ ಇಳಿಯುತ್ತದೆ, ಕರಗಿದ ಸುಣ್ಣ ಇನ್ನೊಂದು ರೂಪದಲ್ಲಿ ಮರಳಿ ಕೂರುವ ಅಪಾಯವಿದೆ.

ಪುಡಿಗೆ ಅತಿ ಹೆಚ್ಚು ಹೊಗಳಿಕೆ ತಂದುಕೊಟ್ಟಿರುವುದು ಮುಗ್ಗಲು ವಾಸನೆಯ ಪರಿಹಾರ. ಅಲ್ಲಿ ಅದಕ್ಕೆ ಸಲ್ಲಬೇಕಾದ ಪಾಲು ಅತಿ ಕಡಿಮೆ. ವಾಸನೆಯ ಮೂಲ ಸುಣ್ಣವಲ್ಲ. ಡ್ರಮ್ಮಿನ ಹೊರಮೈ ಮತ್ತು ಟಬ್ಬಿನ ಒಳಮೈ ನಡುವೆ, ಬಾಗಿಲ ಗ್ಯಾಸ್ಕೆಟ್ಟಿನ ಮಡಿಕೆಯೊಳಗೆ, ಸೋಪಿನ ಶೇಷ, ಮೈಜಿಡ್ಡು, ಫ್ಯಾಬ್ರಿಕ್ ಕಂಡಿಷನರಿನ ಮೇಣದಂಥ ಅಂಶ ಸೇರಿ ಕಟ್ಟುವ ಬೂದುಬಣ್ಣದ ಲೋಳೆ, ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಮತ್ತು ಬೂಷ್ಟು, ಇವು ವಾಸನೆಯ ಮೂಲ. ಆಮ್ಲ ಜಿಡ್ಡನ್ನು ಬಿಡಿಸಲಾರದು. ಜಿಡ್ಡು ಬಿಡಿಸಲು ಬೇಕಾದದ್ದು ಕ್ಷಾರ ಮತ್ತು ಕನಿಷ್ಠ 60 ಡಿಗ್ರಿ ಬಿಸಿನೀರು. ಜೊತೆಗೆ ಸೋಡಿಯಂ ಪರ್‌ಕಾರ್ಬೊನೇಟಿನಂಥ ಆಮ್ಲಜನಕದ ಬ್ಲೀಚ್ ಇದ್ದರೆ ಇನ್ನೂ ಒಳ್ಳೆಯದು. ಪೊಟ್ಟಣ ಹಾಕಿದ ದಿನ ವಾಸನೆ ಹೋಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ದಿನ ಖಾಲಿ ಡ್ರಮ್ಮಿನಲ್ಲಿ ಬಿಸಿನೀರೂ ಓಡಿತ್ತು. ತಿಂಗಳಿಡೀ ತಣ್ಣೀರು ಕಂಡ ಮೆಷಿನ್ನಿಗೆ ಸಿಕ್ಕ ಆ ಒಂದು ಬಿಸಿ ಸುತ್ತಿನ ಶ್ರೇಯಸ್ಸನ್ನು ಪೊಟ್ಟಣ ತನ್ನ ಹೆಸರಿಗೆ ಬರೆಸಿಕೊಂಡಿದೆ.

ಪೊಟ್ಟಣವನ್ನು ವಿರೋಧಿಸುವ ಇನ್ನೊಂದು ಪಂಥವೂ ಇದೆ, ಅವರ ಜೊತೆ ನನ್ನನ್ನು ಸೇರಿಸಬಾರದು. ದುಬಾರಿ ಪುಡಿ ಬೇಡ, ಡ್ರಮ್ಮಿಗೆ ವಿನೆಗರ್ ಮತ್ತು ಅಡುಗೆ ಸೋಡಾ ಒಟ್ಟಿಗೆ ಹಾಕಿ ಎನ್ನುವ ಮನೆಮದ್ದಿನ ಪಂಥ ಅದು. ಮಾರಾಟಗಾರರ ಮೇಲಿನ ಅವರ ಅನುಮಾನ ನನಗೂ ಇದೆ. ಆದರೆ ಅವರ ಮದ್ದು ಪೊಟ್ಟಣಕ್ಕಿಂತ ಕೀಳು. ವಿನೆಗರ್ ಆಮ್ಲ, ಅಡುಗೆ ಸೋಡಾ ಕ್ಷಾರ. ಎರಡೂ ಸೇರಿದೊಡನೆ ಒಂದನ್ನೊಂದು ಮುಗಿಸುತ್ತವೆ. ಬುರುಬುರು ಎದ್ದದ್ದು ಇಂಗಾಲದ ಡೈಆಕ್ಸೈಡ್, ಕೆಳಗೆ ಉಳಿದದ್ದು ಸೋಡಿಯಂ ಅಸಿಟೇಟ್ ಎಂಬ ಲವಣದ ನೀರು. ಅದಕ್ಕೆ ಸುಣ್ಣ ಕರಗಿಸುವ ಶಕ್ತಿಯೂ ಇಲ್ಲ, ಜಿಡ್ಡು ಬಿಡಿಸುವ ಶಕ್ತಿಯೂ ಇಲ್ಲ. ಆ ನೊರೆಯನ್ನು ಶುದ್ಧಿಯ ಸಾಕ್ಷಿಯೆಂದು ತೋರಿಸುವವರು ಶಕ್ತಿ ವ್ಯರ್ಥವಾದ ಗಳಿಗೆಯನ್ನೇ ತೋರಿಸುತ್ತಿದ್ದಾರೆ. ಇದಿಷ್ಟೇ ಆಗಿದ್ದರೆ ದುಡ್ಡು ಹೋಯಿತು ಎಂದು ಬಿಡಬಹುದಿತ್ತು. ಇದೇ ಉತ್ಸಾಹದಲ್ಲಿ ಕ್ಲೋರಿನ್ ಬ್ಲೀಚನ್ನೂ ಸುರಿಯಿರಿ ಎನ್ನುವವರನ್ನು ಮಾತ್ರ ಸಹಿಸಲಾಗದು. ಬ್ಲೀಚ್ ಮತ್ತು ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ, ಮುಚ್ಚಿದ ಬಾತ್‌ರೂಮಿನಲ್ಲಿ ಅದು ಉಸಿರಿಗೇ ಅಪಾಯ. ಮೆಷಿನ್ನಿಗೂ ಅದು ಹಿತವಲ್ಲ. ಸ್ಟೇನ್‌ಲೆಸ್ ಸ್ಟೀಲ್ ಡ್ರಮ್ಮನ್ನು ಹಿಂದಿನಿಂದ ಹಿಡಿದಿರುವ ಮೂರು ತೋಳಿನ ಆಧಾರ ಅನೇಕ ಮಾಡೆಲ್‌ಗಳಲ್ಲಿ ಅಲ್ಯೂಮಿನಿಯಂ ಎರಕದ್ದು. ಸ್ಟೀಲಿನ ಸಂಪರ್ಕದಲ್ಲಿ ಸದಾ ಒದ್ದೆಯಾಗಿರುವ ಆ ಲೋಹ ಮೊದಲೇ ಸವೆಯುವ ಸ್ವಭಾವದ್ದು, ಬ್ಲೀಚಿನ ಕ್ಲೋರೈಡ್ ಆ ಸವೆತವನ್ನು ತ್ವರೆಗೊಳಿಸುತ್ತದೆ. ಆ ತೋಳು ಮುರಿದರೆ ದುರಸ್ತಿಯ ಖರ್ಚು ಹೊಸ ಮೆಷಿನ್ನಿನ ಯೋಚನೆ ಬರಿಸುವಷ್ಟಿರುತ್ತದೆ.

ಇಷ್ಟೆಲ್ಲ ಗದ್ದಲದ ನಡುವೆ ಯಾರ ಗಮನಕ್ಕೂ ಬಾರದೆ ಉಳಿದಿರುವುದು ಮೆಷಿನ್ನಿನ ಮುಂಭಾಗದ ಕೆಳಮೂಲೆಯ ಸಣ್ಣ ಮುಚ್ಚಳದ ಹಿಂದಿರುವ ಡ್ರೈನ್ ಫಿಲ್ಟರ್. ಎಲ್‌ಜಿಯಲ್ಲಿ 'ಓಇ', ಬಾಷ್‌ನಲ್ಲಿ 'ಇ18' ಎಂದು ಪರದೆ ಮಿನುಗಿದರೆ ನೀರು ಹೊರಹೋಗುತ್ತಿಲ್ಲ ಎಂದರ್ಥ, ಆಗ ಮೊದಲು ನೋಡಬೇಕಾದ ಜಾಗ ಇದು. ನಾಣ್ಯ, ಹೇರ್‌ಪಿನ್, ಗುಂಡಿ, ಕೂದಲು ಸುತ್ತಿದ ನೂಲು, ಜೇಬಿನಲ್ಲಿ ಮರೆತ ಕಾಗದದ ಮುದ್ದೆ ಎಲ್ಲ ಬಂದು ನಿಲ್ಲುವುದು ಇಲ್ಲಿ. ಇವುಗಳಲ್ಲಿ ಯಾವುದನ್ನೂ ಸಿಟ್ರಿಕ್ ಆಮ್ಲ ಕರಗಿಸುವುದಿಲ್ಲ. ಕೆಲಸ ಕಷ್ಟದ್ದೂ ಅಲ್ಲ. ಪ್ಲಗ್ ಕಿತ್ತು, ಒಳಗಿನ ನೀರು ಬಿಸಿಯಿದ್ದರೆ ಆರಲು ಬಿಟ್ಟು, ಪಕ್ಕದ ಸಣ್ಣ ಕೊಳವೆಯಿಂದ ನೀರನ್ನು ಅಗಲವಾದ ತಟ್ಟೆಗೆ ಇಳಿಸಿ, ಆಮೇಲೆ ಫಿಲ್ಟರನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿ ತೆಗೆಯಬೇಕು. ತೊಳೆದಷ್ಟಕ್ಕೆ ಮುಗಿಯುವುದಿಲ್ಲ, ಟಾರ್ಚ್ ಹಿಡಿದು ಪಂಪಿನ ಚಕ್ರಕ್ಕೆ ಏನಾದರೂ ಸುತ್ತಿಕೊಂಡಿದೆಯೇ ನೋಡಿ, ಫಿಲ್ಟರನ್ನು ಓರೆಯಾಗದಂತೆ ಬಿಗಿಯಾಗಿ ಕೂರಿಸಬೇಕು. ನೀರು ಒಳಬರುವ ದಾರಿಗೂ ಪುಡಿಗೂ ಸಂಬಂಧವೇ ಇಲ್ಲ. ಪುಡಿ ಬೀಳುವುದು ಡ್ರಮ್ಮಿಗೆ, ಓವರ್‌ಹೆಡ್ ಟ್ಯಾಂಕಿನ ಕೆಸರು ನಿಲ್ಲುವುದು ಅದಕ್ಕೂ ಮೊದಲೇ, ಹಿಂಬದಿಯ ಇನ್‌ಲೆಟ್ ಪೈಪಿನ ಬಾಯಲ್ಲಿರುವ ಸಣ್ಣ ಜಾಲರಿಯಲ್ಲಿ. ಮೇಲಂತಸ್ತಿನ ಮನೆಗಳಲ್ಲಿ ಒತ್ತಡದ ತೊಂದರೆಯೂ ಸೇರುತ್ತದೆ. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ನೆತ್ತಿಯ ಮೇಲೇ ಟ್ಯಾಂಕ್ ಇರುವ ಮನೆಗೆ ಅದರ ಕಾಲು ಭಾಗ ಸಿಕ್ಕರೆ ಹೆಚ್ಚು. ಅಲ್ಲಿ ಜಾಲರಿ ಅರ್ಧ ಕಟ್ಟಿದರೂ ಮೆಷಿನ್ ನೀರಿಲ್ಲವೆಂದು ನಿಂತುಬಿಡುತ್ತದೆ.

ಪುಡಿಯಿಂದ ಹಾನಿಯೇನೂ ಇಲ್ಲವಲ್ಲ, ಹಾಕಿದರೇನು ಎಂದು ಕೇಳುವವರಿಗೆ ನನ್ನ ಉತ್ತರ ಇದು: ಪುಡಿ ಹಾಕಿದ ಮನೆ ತನ್ನ ಕರ್ತವ್ಯ ಮುಗಿಯಿತೆಂದು ನಂಬುತ್ತದೆ. ಆ ನಂಬಿಕೆಯಲ್ಲಿ ಗ್ಯಾಸ್ಕೆಟ್ ಒರೆಸುವುದು, ಒಗೆತವಾದ ಮೇಲೆ ಬಾಗಿಲನ್ನೂ ಸೋಪಿನ ಡ್ರಾಯರನ್ನೂ ಸ್ವಲ್ಪ ತೆರೆದಿಡುವುದು, ಫಿಲ್ಟರ್ ಬಿಚ್ಚುವುದು ಎಲ್ಲ ಬಿಟ್ಟುಹೋಗುತ್ತವೆ. ಮೆಷಿನ್ ತಯಾರಿಸುವವರೂ ಇದಕ್ಕೆ ಹೊಣೆ. ಟಬ್ ಕ್ಲೀನ್ ಮಾಡಿ ಎಂದು ಇಷ್ಟು ಒಗೆತಕ್ಕೊಮ್ಮೆ ನೆನಪಿಸುವ ಮಾಡೆಲ್‌ಗಳಿವೆ. ಫಿಲ್ಟರಿನ ವಿಷಯದಲ್ಲಿ ಮಾತ್ರ ಅದು ಕಟ್ಟಿಕೊಂಡು ನೀರು ನಿಂತ ಮೇಲೆ ಪರದೆ ಬಾಯಿಬಿಡುತ್ತದೆ. ಟಬ್ಬಿಗೆ ಒಗೆತ ಎಣಿಸಬಲ್ಲ ಮೆಷಿನ್ ಫಿಲ್ಟರಿಗೂ ಅದೇ ಎಣಿಕೆ ಇಡುವುದಕ್ಕೆ ಹೊಸ ಬಿಡಿಭಾಗವೇನೂ ಬೇಕಾಗಿಲ್ಲ.