ಮಲೆಗಳ ಮುಂದೆ ಮದುಮಗಳು

ಈಗ ಲಗ್ನಪತ್ರಿಕೆಗಿಂತ ಮೊದಲು ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬರುತ್ತದೆ. ಮೊದಲು ಡ್ರೋನಿನಿಂದ ಕಂಡ ಗುಡ್ಡ, ಆಮೇಲೆ ಗಾಳಿಗೆ ಹಾರುವ ಉದ್ದನೆಯ ಗೌನು, ಹುಡುಗ ತಿರುಗಿ ನೋಡುವುದು, ಹುಡುಗಿ ನಗುವುದು, ಕೊನೆಗೆ ಹಣೆಗೆ ಹಣೆ ತಾಗಿಸಿ ನಿಂತ ಇಬ್ಬರ ಹಿಂದೆ ಮುಳುಗುವ ಸೂರ್ಯ. ಪುಣೆಯಲ್ಲಿರುವ ನಮ್ಮ ಮನೆಗೆ ಇಂಥವು ವರ್ಷಕ್ಕೆ ಐದಾರು ಬರುತ್ತವೆ. ನಿಮಗೂ ಬರುತ್ತಿರಬೇಕು. ನಾಲ್ಕನ್ನು ಒಟ್ಟಿಗೆ ನೋಡಿದರೆ ಮುಖಗಳು ಬೇರೆ ಎಂದು ತಿಳಿಯುತ್ತದೆ, ಜಾಗಗಳು ಬೇರೆ ಎಂದು ತಿಳಿಯುವುದಿಲ್ಲ. ಒಂದು ಲೋಣಾವಳ, ಒಂದು ಸಕಲೇಶಪುರ, ಒಂದು ಊಟಿ ಎಂದು ಯಾರಾದರೂ ಹೇಳಬೇಕು.

ಇದರ ಬಗ್ಗೆ ನಮ್ಮಲ್ಲಿ ನಡೆಯುವ ಮಾತೆಲ್ಲ ಬಹುತೇಕ ನೀತಿಯ ಮಾತು. ದುಂದುವೆಚ್ಚ, ತೋರಿಕೆ, ಮದುವೆಗೆ ಮುಂಚೆ ಇದೇನು ಅಪ್ಪಿಕೊಳ್ಳುವುದು ಇತ್ಯಾದಿ. ಕೆಲವು ಸಮುದಾಯಗಳ ಸಂಘಗಳು ಪ್ರೀವೆಡ್ಡಿಂಗ್ ಶೂಟ್ ಬೇಡವೆಂದು ಠರಾವನ್ನೇ ಮಾಡಿದ್ದುಂಟು. ನನಗೆ ಆ ಠರಾವುಗಳು ಒಪ್ಪಿಗೆಯಿಲ್ಲ. ಹಿರಿಯರು ಗೊತ್ತುಮಾಡಿದ ಮದುವೆಯಲ್ಲಿ ಹುಡುಗ ಹುಡುಗಿ ಒಂದು ಇಡೀ ದಿನ ಜೊತೆಗೆ ತಿರುಗಾಡಿ, ಬಿಸಿಲಿನಲ್ಲಿ ಬೆವರಿ, ಒಬ್ಬರ ಸಿಟ್ಟು ಇನ್ನೊಬ್ಬರು ನೋಡುವ ಅವಕಾಶ ಸಿಗುವುದು ಎಷ್ಟೋ ಸಲ ಈ ಶೂಟಿನ ನೆಪದಲ್ಲೇ. ಅದು ಸಣ್ಣ ಲಾಭವಲ್ಲ. ನನ್ನ ತಕರಾರು ಇರುವುದು ಚಿತ್ರದ ಬಗ್ಗೆ, ಚಿತ್ರವಾಗಿ. ನಿಸರ್ಗದ ಮಡಿಲಲ್ಲಿ ತೆಗೆದದ್ದು ಎಂದು ಹೇಳಿಕೊಳ್ಳುವ ಈ ಚಿತ್ರಗಳು ನಿಸರ್ಗಕ್ಕೆ ಏನು ಮಾಡುತ್ತವೆ ಎಂಬುದು ಪ್ರಶ್ನೆ.

ಲೆನ್ಸಿನಿಂದಲೇ ಶುರುಮಾಡೋಣ. ಮದುವೆಯ ಫೋಟೋಗ್ರಾಫರುಗಳ ಅಚ್ಚುಮೆಚ್ಚಿನ ಲೆನ್ಸ್ 85 ಎಂಎಂ, ಅಪರ್ಚರ್ ಎಫ್/1.4. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಮೂರು ಮೀಟರ್ ದೂರದಿಂದ ಇದರಲ್ಲಿ ತೆಗೆದರೆ ಸ್ಪಷ್ಟವಾಗಿ ಕಾಣುವುದು ಸುಮಾರು 10 ಸೆಂಟಿಮೀಟರ್ ಆಳ ಮಾತ್ರ. ಲೆಕ್ಕ ಹಾಕಿ ನೋಡಬಹುದು, ಸರಳ ಸೂತ್ರ. ಹತ್ತು ಸೆಂಟಿಮೀಟರ್ ಎಂದರೆ ಮೂಗಿನ ತುದಿಯಿಂದ ಕಿವಿಯ ಹತ್ತಿರದವರೆಗೆ. ಅದರಾಚೆಗಿನ ಜಗತ್ತೆಲ್ಲ ಕರಗಿದ ಬಣ್ಣ. ಹಣೆಗೆ ಹಣೆ ತಾಗಿಸುವ ಆ ಭಂಗಿ ಎಲ್ಲರ ಆಲ್ಬಮ್ಮಿನಲ್ಲೂ ಇರುವುದಕ್ಕೆ ಪ್ರೀತಿ ಒಂದೇ ಕಾರಣವಲ್ಲ. ಎರಡು ಮುಖಗಳು ಒಂದೇ ದೂರದಲ್ಲಿ ಇರದಿದ್ದರೆ ಒಂದು ಮಸುಕಾಗುತ್ತದೆ. ಲೆನ್ಸು ಕೇಳಿದ ಹಾಗೆ ಜೋಡಿ ನಿಲ್ಲುತ್ತದೆ.

ಅದೇ ಮೂರು ಮೀಟರಿನಿಂದ 35 ಎಂಎಂ ಲೆನ್ಸಿನಲ್ಲಿ ಎಫ್/11 ಇಟ್ಟು ತೆಗೆದರೆ ಒಂದೂಮುಕ್ಕಾಲು ಮೀಟರಿನಿಂದ ಹದಿನೈದು ಮೀಟರಿನವರೆಗೆ ಎಲ್ಲವೂ ಕಾಣುತ್ತದೆ. ಹಿಂದಿನ ಮರ ಹಲಸೋ ಹೊನ್ನೆಯೋ ಗೊತ್ತಾಗುತ್ತದೆ. ಹಾಗಾದರೆ ಯಾಕೆ ತೆಗೆಯುವುದಿಲ್ಲ? ಫೋಟೋಗ್ರಾಫರಿಗೆ ಗೊತ್ತಿಲ್ಲ ಎಂದಲ್ಲ. ಲೋಣಾವಳದ ಟೈಗರ್ ಪಾಯಿಂಟಿಗೆ ಮಳೆಗಾಲದ ಭಾನುವಾರ ಹೋಗಿ ನೋಡಿ. ಭಜಿ ಅಂಗಡಿಗಳು, ಜೋಳದ ತೆನೆ ಸುಡುವವರು, ಪಾರ್ಕಿಂಗಿಗೆ ಜಗಳ, ಕಂಬಿಬೇಲಿಯ ಪಕ್ಕ ಸರದಿಗೆ ಕಾಯುತ್ತಿರುವ ಇನ್ನೂ ಮೂರು ಜೋಡಿಗಳು. ಇಷ್ಟರ ನಡುವೆ ‘ಜಗತ್ತಿನಲ್ಲಿ ನಾವಿಬ್ಬರೇ’ ಎಂದು ತೋರಿಸಬೇಕಾದರೆ ಜಗತ್ತನ್ನು ಮಸುಕು ಮಾಡುವುದೊಂದೇ ದಾರಿ. ಈ ಬ್ಲರ್ ಸೌಂದರ್ಯಕ್ಕಿಂತ ಹೆಚ್ಚಾಗಿ ಗುಂಪನ್ನು ಅಳಿಸುವ ರಬ್ಬರು. ಜೊತೆಗೆ ಗುಡ್ಡವೂ ಅಳಿಸಿಹೋಗುತ್ತದೆ.

ಹಿಂದೆ ಸ್ಟುಡಿಯೋಗಳಲ್ಲಿ ಬಣ್ಣ ಬಳಿದ ಪರದೆಗಳಿದ್ದವು: ಒಂದು ಜಲಪಾತ, ಒಂದು ಅರಮನೆಯ ಮೆಟ್ಟಿಲು. ಹೊರಾಂಗಣ ಛಾಯಾಗ್ರಹಣ ಎಂದರೆ ಆ ಪರದೆಯಿಂದ ಬಿಡುಗಡೆ ಎಂದುಕೊಂಡಿದ್ದೆವು. ಈಗ ಆರು ಗಂಟೆ ಪ್ರಯಾಣ ಮಾಡಿ ಸಹ್ಯಾದ್ರಿಗೆ ಹೋಗಿ ಸಹ್ಯಾದ್ರಿಯನ್ನೇ ಪರದೆ ಮಾಡಿಕೊಂಡು ಬರುತ್ತಿದ್ದೇವೆ.

ಇನ್ನು ಬಣ್ಣ. ತೆಗೆದ ನೂರಾರು ಚಿತ್ರಗಳನ್ನು ಒಂದೊಂದಾಗಿ ತಿದ್ದುವಷ್ಟು ಹೊತ್ತು ಯಾರಿಗೂ ಇರುವುದಿಲ್ಲ, ಒಂದು ಪ್ರೀಸೆಟ್ ಎಲ್ಲಕ್ಕೂ ಹಾಕುತ್ತಾರೆ. ಲೈಟ್‌ರೂಮಿನಂಥ ತಂತ್ರಾಂಶದಲ್ಲಿ ಬಣ್ಣಗಳನ್ನು ಎಂಟು ಗುಂಪು ಮಾಡಿ ಒಂದೊಂದಕ್ಕೆ ಒಂದೊಂದು ಸ್ಲೈಡರ್ ಕೊಟ್ಟಿದ್ದಾರೆ. ನಮ್ಮ ಮೈಬಣ್ಣ ಹೆಚ್ಚಾಗಿ ಕಿತ್ತಳೆ ಗುಂಪಿಗೆ ಬೀಳುತ್ತದೆ. ಹುಡುಗಿಯನ್ನು ‘ಸ್ವಲ್ಪ ಬೆಳ್ಳಗೆ’ ಮಾಡಲು ಕಿತ್ತಳೆಯ ಸ್ಲೈಡರನ್ನು ಮೇಲೆ ತಳ್ಳುತ್ತಾರೆ. ಆದರೆ ಜಂಬಿಟ್ಟಿಗೆಯ ಕೆಂಪು ಮಣ್ಣು, ಮಂಗಳೂರು ಹೆಂಚು, ಒಣಗಿದ ಹುಲ್ಲು ಇವೂ ಸುಮಾರಾಗಿ ಅದೇ ಗುಂಪಿನಲ್ಲಿವೆ. ಹುಡುಗಿಯ ಜೊತೆಗೆ ಮಣ್ಣೂ ಬಿಳಿಚಿಕೊಳ್ಳುತ್ತದೆ. ಕಣ್ಣಿಗೆ ಕುಕ್ಕುತ್ತದೆಂದು ಹಸಿರನ್ನು ತಗ್ಗಿಸಿ ಕಂದು ಮಾಡುತ್ತಾರೆ, ಆಗ ಜುಲೈ ತಿಂಗಳ ಮಲೆನಾಡು ಯಾವುದೋ ಶೀತದೇಶದ ಶರತ್ಕಾಲದಂತೆ ಕಾಣುತ್ತದೆ. ನಮ್ಮ ಚರ್ಮದ ಬಣ್ಣದ ಬಗ್ಗೆ ನಮಗಿರುವ ಕೀಳರಿಮೆಗೂ ನಮ್ಮ ನೆಲ ನಮ್ಮದಾಗಿ ಕಾಣದಿರುವುದಕ್ಕೂ ಒಂದೇ ಸ್ಲೈಡರ್ ಸಾಕಾಗಿದೆ. ಈ ಕಲೆಯ ಬಗ್ಗೆ ಇದಕ್ಕಿಂತ ಗಂಭೀರವಾದ ಆಕ್ಷೇಪ ನನ್ನ ಹತ್ತಿರ ಇಲ್ಲ.

ನಮ್ಮ ಪುಣೆಯವರಿಗೆ ಹತ್ತಿರದ ಉದಾಹರಣೆ ಸಾತಾರಾದ ಬಳಿಯ ಕಾಸ್ ಪ್ರಸ್ಥಭೂಮಿ. ಪಶ್ಚಿಮ ಘಟ್ಟದ ಭಾಗವಾಗಿ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಜಾಗ. ಕಲ್ಲಿನ ಮೇಲೆ ತೆಳ್ಳಗಿನ ಮಣ್ಣಿನ ಪದರ, ಅದರ ಮೇಲೆ ಆಗಸ್ಟಿನಿಂದ ಅಕ್ಟೋಬರಿನವರೆಗೆ ಬೆರಳುದ್ದದ ಗಿಡಗಳಲ್ಲಿ ಹೂ. ಕೀಟ ಹಿಡಿದು ತಿನ್ನುವ ಪುಟಾಣಿ ಗಿಡಗಳೂ ಅವುಗಳಲ್ಲಿವೆ. ಇವನ್ನು ನೋಡಬೇಕಾದರೆ ಮೊಣಕಾಲೂರಿ ಕೂರಬೇಕು. ಜೋಡಿಚಿತ್ರದಲ್ಲಿ ಇವೆಲ್ಲ ಸೇರಿ ಒಂದು ನೇರಳೆ ಮಂಜು. ಆ ಮಂಜಿಗಾಗಿ ನಡುವೆ ಹೋಗಿ ಕೂತವರ ಅಡಿ ಎಷ್ಟು ಗಿಡ ಸತ್ತವು ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ. 2022ರಲ್ಲಿ ಚಂದ್ರದ್ರೋಣ ಬೆಟ್ಟಗಳಲ್ಲಿ ನೀಲಕುರಿಂಜಿ ಅರಳಿದಾಗಲೂ ಇದೇ. ಹನ್ನೆರಡು ವರ್ಷ ಕಾದು ಅರಳುವ ಹೂವಿನ ಮುಂದೆ ಹತ್ತು ಸೆಂಟಿಮೀಟರ್ ಆಳದ ಚಿತ್ರ.

ಕನ್ನಡ ಓದುವವರಿಗೆ ಇಲ್ಲಿ ಒಂದು ಹೆಸರು ನೆನಪಾಗದೆ ಇರದು. ಕುವೆಂಪು ಅವರ 1967ರ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’. ಆ ಸಪ್ತಮಿ ವಿಭಕ್ತಿಯನ್ನು ಗಮನಿಸಿ. ಮದುಮಗಳು ಇರುವುದು ಮಲೆಗಳಲ್ಲಿ, ಮಲೆಗಳ ಮುಂದೆ ಅಲ್ಲ. ಆ ಕಾದಂಬರಿಯಲ್ಲಿ ಕಾಡು, ಮಳೆ, ಕತ್ತಲೆ, ಜಿಗಣೆ ಎಲ್ಲವೂ ಜನರ ಬದುಕಿಗೆ ಅಡ್ಡ ಬರುತ್ತವೆ, ಕೆಲವು ಸಲ ಆಸರೆಯಾಗುತ್ತವೆ, ಸುಮ್ಮನೆ ಹಿಂದೆ ನಿಲ್ಲುವುದಿಲ್ಲ. ಸಿನಿಮಾದಲ್ಲೂ ನಮಗೆ ಎರಡೂ ಬಗೆ ಗೊತ್ತು. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರದುರ್ಗದ ಬಂಡೆಗಳಿಲ್ಲದೆ ಕಲ್ಪಿಸಿಕೊಳ್ಳಲಾಗದು, ರಾಮಾಚಾರಿಯ ಮೊಂಡುತನಕ್ಕೂ ಆ ಕಲ್ಲಿಗೂ ಸಂಬಂಧವಿದೆ. 2006ರ ‘ಮುಂಗಾರು ಮಳೆ’ಯಲ್ಲಿ ಮಳೆಯಿಂದ ಪಾತ್ರಗಳು ನಿಜವಾಗಿ ಒದ್ದೆಯಾಗುತ್ತವೆ, ಚಳಿಗೆ ನಡುಗುತ್ತವೆ. ಆದರೆ ಎಷ್ಟೋ ಯುಗಳಗೀತೆಗಳಲ್ಲಿ ಚರಣಕ್ಕೊಂದು ಊರು ಬದಲಾಗುತ್ತದೆ, ಯಾವ ಊರಾದರೂ ನಡೆಯುತ್ತದೆ. ಮದುವೆಯ ಶೂಟಿಂಗ್ ಕಲಿತದ್ದು ಈ ಎರಡನೆಯ ವ್ಯಾಕರಣವನ್ನು.

ಪರದೆಯ ಮುಂದೆ ನಿಂತಿದ್ದೇವೆ ಎಂಬ ಭಾವನೆ ಕೆಲವು ಸಲ ಜೀವಕ್ಕೇ ಬರುತ್ತದೆ. 2020ರ ನವೆಂಬರಿನಲ್ಲಿ ತಲಕಾಡಿನ ಹತ್ತಿರ ಇಂಥದೇ ಶೂಟಿಂಗಿನ ವೇಳೆ ಕಾವೇರಿಯಲ್ಲಿ ತೆಪ್ಪ ಮಗುಚಿ, ಮದುವೆ ನಿಶ್ಚಯವಾಗಿದ್ದ ಇಬ್ಬರೂ ತೀರಿಕೊಂಡರು. ಅವರನ್ನು ದೂರುವುದು ನನ್ನ ಉದ್ದೇಶವಲ್ಲ, ಅವರ ಮನೆಯವರ ದುಃಖಕ್ಕೆ ನಮ್ಮ ತೀರ್ಪು ಬೇಕಿಲ್ಲ. ಆದರೆ ಅಲಮೇಲಮ್ಮನ ಶಾಪದ ಕಥೆಯಲ್ಲಿ ಮಾಲಂಗಿ ಮಡುವಾಗುವುದು ಅದೇ ಆಸುಪಾಸಿನಲ್ಲಿ. ಆ ನದಿಗೆ ಆಳವಿದೆ, ಸುಳಿಯಿದೆ ಎಂಬ ತಿಳಿವಳಿಕೆ ಆ ಊರಿನ ಕಥೆಯಲ್ಲೇ ಇದೆ. ಚಿತ್ರಗಳಲ್ಲಿ ನದಿಯನ್ನು ಬರೀ ಹೊಳೆಯುವ ಹಿನ್ನೆಲೆಯಾಗಿ ನೋಡಿ ನೋಡಿ ಅಭ್ಯಾಸವಾದ ಕಣ್ಣಿಗೆ ಆ ತಿಳಿವಳಿಕೆ ತಲುಪುವುದಿಲ್ಲ.

ಬೇರೆ ರೀತಿ ಸಾಧ್ಯವೇ? ಸಾಧ್ಯ. ಬೆಂಗಳೂರಿನ ಮಹೇಶ್ ಶಾಂತಾರಾಂ ಮದುವೆಯ ಫೋಟೋ ತೆಗೆಯುತ್ತಲೇ ‘ಮ್ಯಾಟ್ರಿಮೇನಿಯಾ’ ಎಂಬ ಸರಣಿ ಮಾಡಿದ್ದಾರೆ. ಅದರಲ್ಲಿ ವಧೂವರರಿಗಿಂತ ಮದುವೆಯ ಸುತ್ತಲಿನ ಅಲಂಕಾರ, ಜಾಗ, ಅತಿಥಿಗಳಿಗೇ ಹೆಚ್ಚು ಗಮನ. ಅಷ್ಟು ದೂರವೂ ಹೋಗಬೇಕಿಲ್ಲ. ನಮ್ಮ ಅಮ್ಮನ ಪೆಟ್ಟಿಗೆಯಲ್ಲಿ ಎಂಬತ್ತರ ದಶಕದ ಒಂದು ಗ್ರೂಪ್ ಫೋಟೋ ಇದೆ, ಶಿರಸಿ ಕಡೆಯ ಮನೆಯ ಅಂಗಳದಲ್ಲಿ ಮಟಮಟ ಮಧ್ಯಾಹ್ನ ತೆಗೆದದ್ದು. ಎಲ್ಲರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಾರೆ, ಕಲೆಯ ದೃಷ್ಟಿಯಿಂದ ಹೇಳಿಕೊಳ್ಳುವಂಥದ್ದೇನಲ್ಲ. ಆದರೆ ಅಡಿಕೆ ಚಪ್ಪರ, ತುಳಸಿಕಟ್ಟೆ, ಬಾವಿಯ ರಾಟೆ, ಕೊಟ್ಟಿಗೆಯ ಬಾಗಿಲಲ್ಲಿ ಅರ್ಧ ಕಾಣುವ ಎಮ್ಮೆ, ಪಾಗಾರ ಹತ್ತಿ ಕೂತ ಪಕ್ಕದ ಮನೆಯ ಹುಡುಗರು ಎಲ್ಲ ಇದ್ದಾರೆ. ಪುಣೆಯಲ್ಲೇ ಹುಟ್ಟಿದ ನನ್ನ ಮಗಳು ಆ ಫೋಟೋ ಹಿಡಿದು ಕಾಲು ಗಂಟೆ ಪ್ರಶ್ನೆ ಕೇಳಿದಳು. ಅಡಿಕೆ ಮರ ಇಷ್ಟು ಸಪೂರ ಇರುತ್ತದಾ, ಆ ಮನೆ ಈಗ ಯಾರದ್ದು, ಎಮ್ಮೆಗೆ ಹೆಸರು ಇತ್ತಾ ಎಂದು. ಅಕ್ಕನ ಮಗಳ ಹೊಸ ಆಲ್ಬಮ್ಮು, ದಪ್ಪ ಹಾಳೆಯದು, ಬಹಳ ಚಂದ ಇದೆ ಎಂದು ಹೇಳಿ ಐದು ನಿಮಿಷಕ್ಕೆ ಮುಚ್ಚಿಟ್ಟಳು. ಅದರಲ್ಲಿ ಕೇಳುವುದಕ್ಕೆ ಏನೂ ಇರಲಿಲ್ಲ.

ಊರು ಬಿಟ್ಟವರಿಗೆ ಇದು ರುಚಿಯ ಪ್ರಶ್ನೆ ಮಾತ್ರ ಅಲ್ಲ. ನಾವೆಲ್ಲ ಒಟ್ಟಾಗಿ ಊರಿಗೆ ಹೋಗುವುದು ಈಗ ಹೆಚ್ಚಾಗಿ ಮದುವೆಗೆ, ಇಲ್ಲವೆ ಸಾವಿಗೆ. ಫೋಟೋ ತೆಗೆಯುವುದು ಮದುವೆಯಲ್ಲಿ. ಹಿರಿಯರು ಹೋದ ಮೇಲೆ ತೋಟ ಗೇಣಿಗೆ ಹೋಗುತ್ತದೆ, ಮನೆ ಮಾರಾಟವಾಗುತ್ತದೆ, ರಸ್ತೆ ಅಗಲವಾದಾಗ ಹಲಸಿನ ಮರ ಹೋಗುತ್ತದೆ. ಆಮೇಲೆ ಆ ಜಾಗ ಹೇಗಿತ್ತು ಎಂಬುದಕ್ಕೆ ಉಳಿಯುವ ದಾಖಲೆ ಮದುವೆಯ ಆಲ್ಬಮ್ ಒಂದೇ. ಅದನ್ನೂ ನಾವೇ ದುಡ್ಡು ಕೊಟ್ಟು ಮಸುಕು ಮಾಡಿಸುತ್ತಿದ್ದೇವೆ.

ಆದ್ದರಿಂದ ಈ ಡಿಸೆಂಬರಿನಿಂದ ಮದುವೆ ಇರುವವರಿಗೆ ನನ್ನದು ಇಷ್ಟೇ ಕೋರಿಕೆ. ಸೂರ್ಯಾಸ್ತದ ಚಿತ್ರಗಳನ್ನು ಬೇಕಾದಷ್ಟು ತೆಗೆಸಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಅದರ ಜೊತೆಗೆ ಫೋಟೋಗ್ರಾಫರಿಗೆ ಅರ್ಧ ಗಂಟೆ ಬೇರೆ ಕೆಲಸ ಹೇಳಿ. ನಿಮ್ಮ ಮನೆಯ ಅಂಗಳ, ಹಿತ್ತಲು, ಕೆರೆ ಏರಿ, ಊರಬಾಗಿಲು, ಇವುಗಳ ನಡುವೆ ಇಬ್ಬರೂ ನಿಲ್ಲಿ. 35 ಎಂಎಂ ಲೆನ್ಸ್ ಹಾಕಲಿ, ಎಫ್/11 ಇಡಲಿ, ಪ್ರೀಸೆಟ್ ಬೇಡ. ವಿದ್ಯುತ್ ತಂತಿ ಬಂದರೆ ಬರಲಿ, ದೊಡ್ಡಪ್ಪನ ಲುಂಗಿ ಬಂದರೂ ಬರಲಿ. ಪ್ರಿಂಟ್ ಹಾಕಿಸಿದ ಮೇಲೆ ಹಿಂದೆ ಊರಿನ ಹೆಸರು, ದಿನಾಂಕ, ಮರ ಗೊತ್ತಿದ್ದರೆ ಮರದ ಹೆಸರು ಬರೆಯಿರಿ. ಮುಂದೆ ಒಬ್ಬ ಮಗುವಾದರೂ ಅದನ್ನು ಹಿಡಿದು ಏನಾದರೂ ಕೇಳುತ್ತದೆ.