ಒಳಗಿನ ಕಾಳಗವೂ ಮತಬೋಧೆಯೂ

ಧರ್ಮಗ್ರಂಥಗಳಲ್ಲಿ ಯುದ್ಧದ ರೂಪಕವು ಹೊಸತಲ್ಲ. ಅರಿಷಡ್ವರ್ಗವೆಂಬ ಮಾತಿನಲ್ಲಿಯೇ ಶತ್ರುವಾಚಕವಾದ ಶಬ್ದವಿದೆ. ಗೀತೆಯ ಉಪದೇಶವು ನಡೆದುದೇ ರಣಾಂಗಣದಲ್ಲಿ. ಕ್ರೈಸ್ತಸಾಹಿತ್ಯದಲ್ಲಾದರೋ ಈ ರೂಪಕಕ್ಕೆ ಮತ್ತೊಂದು ಕರ್ತವ್ಯವು ಜೊತೆಗೂಡಿದೆ. ತಾನು ನಂಬಿದುದನ್ನು ನೆರೆಯವನಿಗೂ ತಿಳಿಸಬೇಕೆಂಬುದೇ ಅದು. ಸೈನಿಕನೂ ತಾನೇ, ದೂತನೂ ತಾನೇ. ಈ ಎರಡು ವೇಷಗಳು ಒಂದೇ ಮೈಮೇಲೆ ಹೇಗೆ ಹೊಂದುತ್ತವೆ, ಎಲ್ಲಿ ಒಂದು ಇನ್ನೊಂದನ್ನು ಕೆಡಿಸುತ್ತದೆ ಎಂಬುದು ಕರಾವಳಿಯ ವಾಚಕರಿಗೆ ಬರಿಯ ಪುಸ್ತಕದ ಪ್ರಶ್ನೆಯಲ್ಲ. ಕುಮಟೆಯ ಬಾಡದಿಂದ ಹೊನ್ನಾವರ, ಭಟ್ಕಳಗಳ ವರೆಗೆ ನಡೆದವನಿಗೆ ಗುಡಿ, ಬಸದಿ, ಮಸೀದಿ, ಇಗರ್ಜಿ ನಾಲ್ಕೂ ದಾರಿಯಲ್ಲಿಯೇ ಸಿಗುತ್ತವೆ.

ಈ ರೂಪಕದ ಮೂಲವು ಎಫೆಸದವರಿಗೆ ಬರೆದ ಪತ್ರಿಕೆಯ ೬ನೆಯ ಅಧ್ಯಾಯದಲ್ಲಿದೆ. ಪರಂಪರೆಯು ಅದನ್ನು ಸೆರೆಯಲ್ಲಿದ್ದ ಪೌಲನ ಬರವಣಿಗೆಯೆಂದು ಹೇಳುತ್ತದೆ. ಹೋರಾಟವು ಮನುಷ್ಯರೊಡನೆ ಅಲ್ಲವೆಂಬುದನ್ನು ಅಲ್ಲಿ ಮೊದಲೇ ನಿಶ್ಚಯಿಸಿ, ಆಮೇಲೆ ಆಯುಧಗಳನ್ನು ಎಣಿಸಲಾಗಿದೆ. ಸತ್ಯವು ನಡುಕಟ್ಟು, ನೀತಿಯು ಎದೆಗವಚ, ನಂಬಿಕೆಯು ಗುರಾಣಿ, ರಕ್ಷಣೆಯು ಶಿರಸ್ತ್ರಾಣ. ಇರಿಯುವ ಆಯುಧವೆಂದರೆ ಕತ್ತಿಯೊಂದೇ, ಅದೂ ದೇವರ ವಾಕ್ಯ. ಆದರೆ ವಾಚಕರು ಮುಖ್ಯವಾಗಿ ಗಮನಿಸಬೇಕಾದುದು ಕಾಲಿನ ಕೆರವನ್ನು. ಇಡೀ ಯುದ್ಧವೇಷದಲ್ಲಿ ಪರರ ಬಳಿಗೆ ಒಯ್ಯುವುದು ಅದೊಂದೇ, ಮತ್ತು ಅದಕ್ಕೆ ಇಟ್ಟಿರುವ ಹೆಸರು ಸಮಾಧಾನದ ಸುವಾರ್ತೆಯೆಂದು. ಯುದ್ಧವು ಒಳಗೆ, ನಡಿಗೆಯು ಹೊರಗೆ. ಮುಂದಿನವರು ಕತ್ತಿಯ ಮೇಲೆ ಮಾಡಿದಷ್ಟು ಉಪನ್ಯಾಸಗಳನ್ನು ಕೆರದ ಮೇಲೆ ಮಾಡಲಿಲ್ಲ.

ಈ ಬೀಜವು ಕಥೆಯಾಗಿ ಬೆಳೆದುದು ಜಾನ್ ಬನ್ಯನ್ನನ ಕೈಯಲ್ಲಿ. ಪಾತ್ರೆಗಳಿಗೆ ತೇಪೆ ಹಾಕುವ ಕಸುಬಿನ ಈತನು ಅಪ್ಪಣೆಯಿಲ್ಲದೆ ಬೋಧಿಸಿದನೆಂದು ೧೬೬೦ರಿಂದ ೧೬೭೨ರ ವರೆಗೆ ಸೆರೆಯಲ್ಲಿದ್ದವನು. ೧೬೭೮ರಲ್ಲಿ ಪ್ರಕಟವಾದ ಅವನ ಗ್ರಂಥವು ೧೯ನೆಯ ಶತಮಾನದಲ್ಲಿ ಬಾಸೆಲ್ ಮಿಶನಿನವರ ಮೂಲಕ 'ಯಾತ್ರಿಕನ ಸಂಚಾರ'ವೆಂಬ ಹೆಸರಿನಿಂದ ಕನ್ನಡಕ್ಕೆ ಬಂದಿತು. ಅದರಲ್ಲಿ ಯಾತ್ರಿಕನು ಅಪೊಲ್ಲಿಯೋನನೆಂಬ ಭೂತವನ್ನು ಎದುರಿಸುವ ಪ್ರಕರಣವು ಮರೆಯತಕ್ಕದ್ದಲ್ಲ. ಓಡಿಹೋಗಲೇ ಎಂದು ಯಾತ್ರಿಕನು ಒಂದು ಕ್ಷಣ ಯೋಚಿಸುತ್ತಾನೆ. ತನ್ನ ಬೆನ್ನಿಗೆ ಕವಚವಿಲ್ಲವೆಂಬುದು ನೆನಪಾಗಿ ನಿಲ್ಲುತ್ತಾನೆ. ಶೂರನೆಂದು ನಿಂತವನಲ್ಲ, ಓಡಿದರೆ ಉಳಿವಿಲ್ಲವೆಂದು ನಿಂತವನು! ಭೂತವಾದರೂ ಹೊರಗಿನದಲ್ಲ. ನೀನು ನನ್ನ ನಾಡಿನಲ್ಲಿ ಹುಟ್ಟಿದವನು, ನನ್ನ ಪ್ರಜೆ ಎಂದೇ ಅದು ಹಕ್ಕು ಸಾಧಿಸುತ್ತದೆ.

ಸಂಸ್ಕೃತ ಬಲ್ಲವರಿಗೆ ಇಲ್ಲಿ ಕೃಷ್ಣಮಿಶ್ರನ 'ಪ್ರಬೋಧಚಂದ್ರೋದಯ'ವು ನೆನಪಾಗದೆ ಇರದು. ೧೧ನೆಯ ಶತಮಾನದಲ್ಲಿ ಚಂದೇಲ ಅರಸನಾದ ಕೀರ್ತಿವರ್ಮನ ಕಾಲದಲ್ಲಿ ಹುಟ್ಟಿದ ಈ ನಾಟಕದಲ್ಲಿ ವಿವೇಕನಿಗೂ ಮಹಾಮೋಹನಿಗೂ ಯುದ್ಧ. ಇಬ್ಬರೂ ಮನಸ್ಸಿನ ಮಕ್ಕಳೇ. ತಾಯಂದಿರು ಮಾತ್ರ ಬೇರೆ, ನಿವೃತ್ತಿ ಮತ್ತು ಪ್ರವೃತ್ತಿ. ಕಾಮನ ಎದುರಿಗೆ ವಸ್ತುವಿಚಾರ, ಕ್ರೋಧನ ಎದುರಿಗೆ ಕ್ಷಮೆ, ಲೋಭನ ಎದುರಿಗೆ ಸಂತೋಷ ಎಂದು ದಂಡು ನಿಲ್ಲುತ್ತದೆ. ಗೆದ್ದ ಮೇಲೆ ಮನಸ್ಸು ಸತ್ತ ಮಕ್ಕಳಿಗಾಗಿ ಅಳುತ್ತದೆ. ಸರಸ್ವತಿಯು ಬಂದು ಸಂತೈಸಬೇಕಾಗುತ್ತದೆ. ಕಾಮಕ್ರೋಧಗಳನ್ನು ಕೊಂದವನಿಗೂ ಪುತ್ರಶೋಕವುಂಟೆಂದು ಕಂಡ ಕವಿಯು ಸಾಮಾನ್ಯನಲ್ಲ. ಈ ಒಂದು ಕಡೆಯಲ್ಲಿ ಅವನು ಬನ್ಯನ್ನನಿಗಿಂತ ಆಳಕ್ಕೆ ಇಳಿದಿದ್ದಾನೆ.

ಆದರೆ ಇಬ್ಬರೂ ಎಡವಿದುದು ಒಂದೇ ಕಲ್ಲನ್ನು. ಕೃಷ್ಣಮಿಶ್ರನು ಮೂರನೆಯ ಅಂಕದಲ್ಲಿ ದಿಗಂಬರನನ್ನೂ ಬೌದ್ಧಭಿಕ್ಷುವನ್ನೂ ಕಾಪಾಲಿಕನನ್ನೂ ರಂಗಕ್ಕೆ ತಂದು, ಹೆಂಡ ಕುಡಿಸಿ ನಗೆಗೀಡುಮಾಡುತ್ತಾನೆ. ಅದುವರೆಗೆ ತನ್ನ ಎದೆಯೊಳಗಿದ್ದ ಶತ್ರುವು ಫಕ್ಕನೆ ನೆರೆಮನೆಯವನಾಗಿಬಿಡುತ್ತಾನೆ. ಸಭಿಕರಿಗೆ ನಗೆ ಬಂದಿರಬಹುದು. ಭಟ್ಕಳದ ಜೈನ ಮನೆತನದವರು ಓದಿದರೆ ಅವರಿಗೆ ಬರಲಾರದು. ಬನ್ಯನ್ನನೂ ಹಾಗೆಯೇ. ಅವನ ಮೂಲದಲ್ಲಿ ಮೃತ್ಯುಚ್ಛಾಯೆಯ ಕಣಿವೆಯ ಕೊನೆಗೆ ಇಬ್ಬರು ರಾಕ್ಷಸರ ಗುಹೆಯಿದೆ. ಒಬ್ಬನು ಪೇಗನ್, ಸತ್ತುಹೋದವನು. ಇನ್ನೊಬ್ಬನು ಪೋಪ್, ಮುದಿಯಾಗಿ ಕೀಲು ಸೆಟೆದು, ದಾರಿಹೋಕರನ್ನು ಕಂಡು ಹಲ್ಲು ಕಿರಿಯುವವನು. ಗುಡಿಗೆ ಹೋಗುವವನೂ ರೋಮನ್ ಕ್ಯಾಥೊಲಿಕ್ ಇಗರ್ಜಿಗೆ ಹೋಗುವವನೂ ಒಂದೇ ಪುಟದಲ್ಲಿ ರಾಕ್ಷಸರ ಪಾಲಾದರು. ಕಾವ್ಯದೃಷ್ಟಿಯಿಂದಲೂ ಇದು ದೋಷವೇ. ರೂಪಕವು ಗುಣಗಳ ಹೆಸರನ್ನು ಬಿಟ್ಟು ಪಂಗಡಗಳ ಹೆಸರನ್ನು ಹಿಡಿದ ಕೂಡಲೆ ರೂಪಕವಾಗಿ ಉಳಿಯುವುದಿಲ್ಲ, ಬೈಗುಳಾಗುತ್ತದೆ.

ಮತಬೋಧೆಯ ಪ್ರಶ್ನೆಯು ಇಲ್ಲಿಂದಲೇ ಹುಟ್ಟುತ್ತದೆ. ನ್ಯಾಯಶಾಸ್ತ್ರವು ಚರ್ಚೆಯನ್ನು ವಾದ, ಜಲ್ಪ, ವಿತಂಡವೆಂದು ಮೂರು ಬಗೆಯಾಗಿ ವಿಂಗಡಿಸಿದೆ. ತತ್ತ್ವವನ್ನು ಅರಿಯುವುದಕ್ಕಾಗಿ ನಡೆಯುವುದು ವಾದ, ಗೆಲ್ಲುವುದಕ್ಕಾಗಿ ಜಲ್ಪ, ಸ್ವಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಕೆಡವುವುದು ವಿತಂಡ. ಶಾಸ್ತ್ರ ಓದದವರೂ ಇದನ್ನು ತಾಳಮದ್ದಲೆಯಿಂದ ಬಲ್ಲರು. ರಾವಣನ ಅರ್ಥ ಹೇಳುವವನು ರಾವಣನ ಪಕ್ಷವನ್ನು ಪೂರ್ಣವಾಗಿ ಎತ್ತಿಹಿಡಿಯದಿದ್ದರೆ ರಾಮನ ಗೆಲುವಿಗೂ ತೂಕವಿಲ್ಲವೆಂದು ನಮ್ಮ ಊರಿನ ಕೇಳುಗರು ಬೆಳಗಿನ ಜಾವದಲ್ಲಿಯೂ ಎದ್ದು ಕುಳಿತು ತೀರ್ಪು ಹೇಳುವರು. ಈ ಒರೆಗಲ್ಲಿಗೆ ತಿಕ್ಕಿದರೆ, ೧೯ನೆಯ ಶತಮಾನದ ಮಿಶನಿನ ಕಿರುಹೊತ್ತಗೆಗಳಲ್ಲಿ ಪುರಾಣದ ದೇವತೆಗಳ ನಡತೆಯನ್ನು ಹಳಿಯುವಂಥವುಗಳು ಹೆಚ್ಚಾಗಿ ಜಲ್ಪದ ಸಾಲಿಗೇ ಸೇರುತ್ತವೆ. ಪೂರ್ವಪಕ್ಷವನ್ನು ಅದರ ಬಲದಲ್ಲಿ ಹೇಳಿದವುಗಳು ವಿರಳ.

ಹೀಗೆಂದು ಆ ಜನರನ್ನು ಒಟ್ಟಾಗಿ ತಳ್ಳಿಹಾಕುವುದೂ ಅನ್ಯಾಯ. ೧೮೩೬ರಲ್ಲಿ ಮಂಗಳೂರಿಗೆ ಬಂದ ಹರ್ಮನ್ ಮೋಗ್ಲಿಂಗರು ೧೮೪೩ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. 'ಬಿಬ್ಲಿಯೊಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚುಹಾಕಿಸಿದರು. ಅದೇ ಮೋಗ್ಲಿಂಗರ ಶಾಲೆಯಲ್ಲಿ ಓದಿದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯನು ೧೮೪೪ರಲ್ಲಿ ದೀಕ್ಷಾಸ್ನಾನ ಹೊಂದಿದಾಗ ಮಂಗಳೂರು ಕಲಕಿಹೋಯಿತು. ಒಳಗಿನ ಕಾಳಗವೆಂಬುದು ಗ್ರಂಥದಲ್ಲಿ ರೂಪಕ. ಮಗನು ಮನೆ ಬಿಟ್ಟ ತಾಯಿಗೆ ಅದು ರೂಪಕವಲ್ಲ. ಅವನ ನಂಬಿಕೆಯು ಪ್ರಾಮಾಣಿಕವಾದುದೆಂದು ಒಪ್ಪುವವರೂ ಈ ಲೆಕ್ಕವನ್ನು ಬಿಡಲಾಗದು. ಫರ್ಡಿನಂಡ್ ಕಿಟ್ಟೆಲರು ಬೇರೆ ದಾರಿ ಹಿಡಿದರು. ೧೮೬೨ರ 'ಕಥಾಮಾಲೆ'ಯಲ್ಲಿ ಅವರು ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿಗೆ ಹೊಂದಿಸಿ ಹೇಳಿದರು. ಕೇಳುವವನ ಛಂದಸ್ಸನ್ನು ಕಲಿತು ಅವನ ಜಗಲಿಗೆ ಬರುವವನು ಅವನನ್ನು ಹಗೆಯೆಂದು ಎಣಿಸಲಾರನು. ನಿಘಂಟುಕಾರರೆಂದು ಕಿಟ್ಟೆಲರನ್ನು ಕೊಂಡಾಡುವವರು ಈ ಕೃತಿಯನ್ನೂ ಒಮ್ಮೆ ತೆರೆದು ನೋಡಬೇಕು.

ಬನ್ಯನ್ನನ ಗ್ರಂಥದಲ್ಲಿಯೇ ಅದರ ದೋಷಕ್ಕೆ ಉತ್ತರವಿದೆಯೆಂಬುದು ವಿಶೇಷ. ಅಲ್ಲಿ ಬರುವ ವಾಚಾಳಿಯೊಬ್ಬನು ದೇವರ ವಿಷಯವನ್ನು ಎಲ್ಲಿ ಬೇಕಾದರೂ ಸೊಗಸಾಗಿ ಮಾತಾಡಬಲ್ಲನು. ಅವನ ಮನೆಯಲ್ಲಿ ಮಾತ್ರ ಅದರ ಗಂಧವಿಲ್ಲ. ಅತ್ತ ಆಡಂಬರದ ಸಂತೆಯಲ್ಲಿ ಯಾತ್ರಿಕನ ಜೊತೆಗಾರನನ್ನು ಸುಟ್ಟು ಕೊಂದಾಗ, ಅವರ ನುಡಿಯನ್ನೂ ಸಂಕಟದಲ್ಲಿ ಅವರ ನಡತೆಯನ್ನೂ ಕಂಡು ಆ ಸಂತೆಯವನೇ ಒಬ್ಬನು ಯಾತ್ರಿಕನೊಡನೆ ಹೊರಡುತ್ತಾನೆ. ಅವನನ್ನು ಯಾರೂ ವಾದದಲ್ಲಿ ಸೋಲಿಸಿರಲಿಲ್ಲ.

ಬನ್ಯನ್ನನು ಪೋಪನನ್ನು ಗುಹೆಯಲ್ಲಿ ಕೂರಿಸಿದ ಮೂರೇ ವರ್ಷಗಳ ಮೇಲೆ, ೧೬೮೧ರಲ್ಲಿ, ಆ ಪೋಪನ ಮತದ ಪಾದ್ರಿಯೊಬ್ಬರು ಗೋವೆಯಿಂದ ಕೆನರಾ ಸೀಮೆಗೆ ಬಂದರು. ಕೊಂಕಣಿ ಬ್ರಾಹ್ಮಣ ಮೂಲದ ಕ್ರೈಸ್ತಕುಟುಂಬದಲ್ಲಿ ಹುಟ್ಟಿದ ಅವರ ಹೆಸರು ಜೋಸೆಫ್ ವಾಜ್. ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರುಗಳಲ್ಲಿ ಅವರು ಓಡಾಡಿದ ಕಾಲದಲ್ಲಿ ಜಗಳವಿದ್ದುದು ಅನ್ಯಮತದವರೊಡನೆ ಅಲ್ಲ. ಪೋರ್ತುಗೀಜರ ಅಧಿಕಾರಕ್ಕೂ ರೋಮಿನಿಂದ ಬಂದ ಅಧಿಕಾರಕ್ಕೂ. ಆ ಮನೆಜಗಳವನ್ನು ತಣಿಸುವುದರಲ್ಲಿಯೇ ಅವರ ಶ್ರಮವು ಬಹಳಮಟ್ಟಿಗೆ ವೆಚ್ಚವಾಯಿತು. ೧೬೮೪ರಲ್ಲಿ ಗೋವೆಗೆ ಮರಳಿ, ೧೬೮೭ರಲ್ಲಿ ಡಚ್ಚರ ಕಣ್ಣು ತಪ್ಪಿಸಿ ಕೂಲಿಯವನ ವೇಷದಲ್ಲಿ ಸಿಂಹಳಕ್ಕೆ ಹೋದರು. ಕ್ಯಾಂಡಿಯಲ್ಲಿ ಗೂಢಚಾರನೆಂಬ ಶಂಕೆಯಿಂದ ಬಂಧನಕ್ಕೊಳಗಾದರು. ೧೬೯೭ರಲ್ಲಿ ಆ ಪಟ್ಟಣಕ್ಕೆ ಸಿಡುಬು ಬಿದ್ದು, ರೋಗಿಗಳನ್ನು ಅವರ ಮನೆಯವರೇ ಬಿಟ್ಟು ಹೋದಾಗ, ವಾಜರು ಮತವನ್ನು ಕೇಳದೆ ಎಲ್ಲರ ಆರೈಕೆಗೆ ನಿಂತರು. ಬೌದ್ಧನಾದ ಅಲ್ಲಿನ ಅರಸನು ಅವರಿಗೆ ತನ್ನ ರಾಜ್ಯದಲ್ಲಿ ಬೋಧಿಸುವ ಸ್ವಾತಂತ್ರ್ಯವನ್ನು ಕೊಟ್ಟನು.